ಬೇವಿನ ಎಲೆಯಿಂದ ಬೆಳ್ಳಿಯ ನ್ಯಾನೊಕಣ: ತಯಾರಿ ಮತ್ತು ಶಿಲೀಂಧ್ರ ಪರೀಕ್ಷೆ

ಸಸ್ಯಸಾರದಿಂದ ಬೆಳ್ಳಿಯ ನ್ಯಾನೊಕಣಗಳನ್ನು, ಅಂದರೆ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿಯ ಕಣಗಳನ್ನು, ತಯಾರಿಸುವುದು ಸುಲಭ. ಶಿಲೀಂಧ್ರವನ್ನು ಕೊಂದದ್ದು ಆ ಕಣಗಳೇ ಎಂದು ತೋರಿಸಿಕೊಡುವುದು ಕಷ್ಟ. ಆದ್ದರಿಂದ ಪ್ರಯೋಗಾಲಯದಲ್ಲಿ ಈ ಕೆಲಸಕ್ಕೆ ಕೈಹಾಕುವವರು ಹೋಲಿಕೆಯ ಮಾದರಿಗಳನ್ನು ಮೊದಲ ದಿನದಿಂದಲೇ ಸಿದ್ಧವಿಟ್ಟುಕೊಳ್ಳಬೇಕು.

ತೊಳೆದು ಹೆಚ್ಚಿದ 10 ಗ್ರಾಂ ಬೇವಿನ ಎಲೆಯನ್ನು 100 ಮಿ.ಲೀ. ಬಟ್ಟಿ ಇಳಿಸಿದ ನೀರಿನಲ್ಲಿ 15 ನಿಮಿಷ ಕುದಿಸಿ, ಆರಿದ ಮೇಲೆ ಸೋಸುಕಾಗದದಲ್ಲಿ ಸೋಸಿಕೊಳ್ಳಿ. ಬೇರೊಂದು ಪಾತ್ರೆಯಲ್ಲಿ 17 ಮಿ.ಗ್ರಾಂ ಸಿಲ್ವರ್ ನೈಟ್ರೇಟನ್ನು 100 ಮಿ.ಲೀ. ನೀರಿನಲ್ಲಿ ಕರಗಿಸಿದರೆ 1 ಮಿಲಿಮೋಲಾರ್ ದ್ರಾವಣ ಸಿಗುತ್ತದೆ. ಇದಕ್ಕೆ ನಲ್ಲಿನೀರು ಸಲ್ಲದು. ಅದರಲ್ಲಿರುವ ಕ್ಲೋರೈಡ್ ಬೆಳ್ಳಿಯೊಡನೆ ಸೇರಿ ಬಿಳಿಯ ಸಿಲ್ವರ್ ಕ್ಲೋರೈಡ್ ಆಗುತ್ತದೆ, ಪಾತ್ರೆಯನ್ನು ಕೊನೆಗೊಮ್ಮೆ ನಲ್ಲಿನೀರಿನಲ್ಲಿ ಜಾಲಾಡಿಸಿದ್ದರೂ ದ್ರಾವಣ ಮಬ್ಬಾಗಬಹುದು. ಕೈಗವಸು ಮರೆಯಬೇಡಿ, ಸಿಲ್ವರ್ ನೈಟ್ರೇಟಿನ ಕಪ್ಪು ಕಲೆ ಚರ್ಮದಿಂದ ಬೇಗ ಹೋಗುವುದಿಲ್ಲ.

ಈ ದ್ರಾವಣದ 90 ಮಿ.ಲೀ.ಗೆ 10 ಮಿ.ಲೀ. ಸಾರವನ್ನು ಕಲಕುತ್ತಾ ಹನಿಹನಿಯಾಗಿ ಸೇರಿಸಿ, ಬೆಳಕು ತಾಗದಂತೆ ಮುಚ್ಚಿಡಿ. ಸಾರದಲ್ಲಿರುವ ಪಾಲಿಫೀನಾಲ್‌ಗಳಂಥ ವಸ್ತುಗಳು ಬೆಳ್ಳಿಯ ಅಯಾನುಗಳಿಗೆ ಎಲೆಕ್ಟ್ರಾನ್ ಕೊಟ್ಟು ಲೋಹವಾಗಿಸುತ್ತವೆ, ಹುಟ್ಟಿದ ಕಣಗಳು ಒಂದಕ್ಕೊಂದು ಅಂಟದಂತೆ ಹೊದಿಕೆಯೂ ಆಗುತ್ತವೆ. ಕೆಲವು ಗಂಟೆಗಳಲ್ಲಿ ಬಣ್ಣ ಹಳದಿಯಿಂದ ಕಂದು ಬಣ್ಣಕ್ಕೆ ತಿರುಗುತ್ತದೆ. ಆದರೆ ಬಣ್ಣವೊಂದನ್ನೇ ನಂಬಬಾರದು, ಏಕೆಂದರೆ ಎಲೆಯ ಸಾರವೂ ಇಟ್ಟಲ್ಲೇ ಕಪ್ಪಾಗುತ್ತದೆ. ದ್ರಾವಣ ಯಾವ ಬೆಳಕನ್ನು ಎಷ್ಟು ಹೀರುತ್ತದೆ ಎಂದು ಅಳೆಯುವ ಸ್ಪೆಕ್ಟ್ರೋಫೋಟೋಮೀಟರಿನಲ್ಲಿ 400ರಿಂದ 450 ನ್ಯಾನೊಮೀಟರ್ ತರಂಗಾಂತರದ ನಡುವೆ ಹೀರಿಕೆಯ ಶಿಖರ ಕಂಡರೆ ಕಣಗಳಾಗಿವೆ ಎನ್ನಬಹುದು. ಗಾತ್ರ ಮತ್ತು ಆಕಾರವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲೇ ನೋಡಬೇಕು.

ಮುಂದಿನ ಹೆಜ್ಜೆಯಲ್ಲೇ ಹೆಚ್ಚು ಎಡವುವುದು. ಉಳಿದುಹೋದ ಬೆಳ್ಳಿಯ ಅಯಾನುಗಳೂ ಶಿಲೀಂಧ್ರವನ್ನು ಕೊಲ್ಲಬಲ್ಲವು. ಆದ್ದರಿಂದ ಕಣಗಳನ್ನು ಸೆಂಟ್ರಿಫ್ಯೂಜಿನಲ್ಲಿ (ವೇಗವಾಗಿ ತಿರುಗಿಸುವ ಯಂತ್ರದಲ್ಲಿ) ತಳಕ್ಕಿಳಿಸಿ, ಮೇಲಿನ ನೀರನ್ನು ಬಸಿದು, ಹೊಸ ನೀರಿನಲ್ಲಿ ಮೂರು ಬಾರಿ ತೊಳೆಯಿರಿ.

ಪರೀಕ್ಷೆಗೆ 96 ಗುಳಿಗಳ ತಟ್ಟೆಯಲ್ಲಿ ಕಣಗಳನ್ನು ಪ್ರತಿ ಗುಳಿಗೂ ಅರ್ಧದಷ್ಟು ತೆಳುವಾಗುವಂತೆ ಹಾಕಿ, ಕ್ಯಾಂಡಿಡಾ ಆಲ್ಬಿಕಾನ್ಸ್ ಎಂಬ ಶಿಲೀಂಧ್ರದ ಕೋಶಗಳನ್ನು ಸೇರಿಸಿ, 35 ಡಿಗ್ರಿ ಸೆಲ್ಸಿಯಸ್‌ನಲ್ಲಿ 24 ಗಂಟೆ ಇಡಿ. ಜೊತೆಗೆ ಬರೀ ಎಲೆಸಾರ, ಬರೀ ಸಿಲ್ವರ್ ನೈಟ್ರೇಟ್, ಶಿಲೀಂಧ್ರ ಸೋಂಕಿನ ಔಷಧವಾದ ಫ್ಲುಕೊನಜೋಲ್ ಮತ್ತು ಏನನ್ನೂ ಬೆರೆಸದ ಶಿಲೀಂಧ್ರ, ಇವಕ್ಕೂ ಒಂದೊಂದು ಸಾಲಿರಲಿ. ಕಣಗಳ ಕಂದು ಬಣ್ಣದಿಂದ ಬೆಳವಣಿಗೆ ಮರೆಯಾಗುವುದರಿಂದ, ಬೆಳವಣಿಗೆ ಕಾಣದ ಗುಳಿಗಳಿಂದ ಒಂದೊಂದು ಹನಿಯನ್ನು ಶಿಲೀಂಧ್ರ ಬೆಳೆಸುವ ಸಬೂರಾಡ್ ಅಗರ್ ಮೇಲೆ ಹರಡಿ ಮತ್ತೊಂದು ದಿನ ಕಾಯಿರಿ: ಅಲ್ಲಿ ಮತ್ತೆ ಬೆಳೆದರೆ ಕಣಗಳು ಶಿಲೀಂಧ್ರವನ್ನು ತಡೆದಿವೆಯಷ್ಟೇ, ಕೊಂದಿಲ್ಲ.