ಪೋರ್ಚುಗಲ್‌ನ ರೆಡ್ ವೈನ್ ಆರಿಸುವುದು ಹೇಗೆ?

ಪೋರ್ಚುಗಲ್‌ನ ರೆಡ್ ವೈನ್ ಕೊಳ್ಳುವಾಗ ದ್ರಾಕ್ಷಿ ತಳಿಯ ಹೆಸರು ಹುಡುಕುತ್ತಾ ಕೂರಬೇಡಿ. ಅಲ್ಲಿ ಹಲವು ತಳಿ ಬೆರೆಸಿ ವೈನ್ ಮಾಡೋದೇ ಹಳೇ ರೂಢಿ. ಕೆಲವು ಹಳೇ ತೋಟಗಳಲ್ಲಂತೂ ಹತ್ತಾರು ತಳಿಯ ಬಳ್ಳಿಗಳು ಕಲೆತೇ ಬೆಳೆದಿರುತ್ತವೆ, ಎಲ್ಲವನ್ನೂ ಒಟ್ಟಿಗೆ ಕೊಯ್ದು ಒಟ್ಟಿಗೇ ಹುದುಗಿಸುತ್ತಾರೆ. ಸಾಲದ್ದಕ್ಕೆ ಒಂದೇ ತಳಿಗೆ ಉತ್ತರದ ದೋರು ಸೀಮೆ ಕಡೆ ತಿಂತಾ ರೋರಿಜ್ ಅಂತಾರೆ, ದಕ್ಷಿಣದ ಅಲೆಂತೇಜು ಸೀಮೆಯಲ್ಲಿ ಅರಗೊನೇಜ್. ಆದ್ದರಿಂದ ಲೇಬಲ್ ಮೇಲೆ ಮೊದಲು ಸೀಮೆಯ ಹೆಸರು ನೋಡಿ.

ಹೊಸಬರು ಅಲೆಂತೇಜುವಿನಿಂದ ಶುರು ಮಾಡಿ. ಬಿಸಿಲ ನಾಡು, ಹಣ್ಣು ಚೆನ್ನಾಗಿ ಮಾಗುತ್ತೆ, ವೈನ್ ಮೆತ್ತಗೆ ಇಳಿಯುತ್ತೆ. ಗಟ್ಟಿ, ಒಗರು, ದಟ್ಟ ಬಣ್ಣ ಬೇಕೆಂದರೆ ದೋರು. ನದಿಯ ಇಕ್ಕೆಲದ ಕಡಿದಾದ ಗುಡ್ಡಗಳಲ್ಲಿ ಪದರುಗಲ್ಲನ್ನು ಒಡೆದು ಮೆಟ್ಟಿಲು ಕಟ್ಟಿ ಬೆಳೆಸಿದ ಈ ಸೀಮೆಗೆ 1756ರಲ್ಲೇ ಗಡಿ ಗುರುತಿಸಿದ್ದರು. ದಾಂವ್ ಸೀಮೆಯ ವೈನ್ ಇದಕ್ಕಿಂತ ಹಗುರ, ಘಮ ಜಾಸ್ತಿ. ಬೈರಾದ ಸೀಮೆಯ ಬಾಗಾ ದ್ರಾಕ್ಷಿಯ ವೈನ್ ಎಳೆಯದರಲ್ಲಿ ಹುಳಿ, ಒಗರು ಎರಡೂ ಜೋರು. ಕೆಲವು ವರ್ಷ ಹಳೆಯದಾದ ಬಾಟಲಿ ಸಿಕ್ಕರೆ ಮಾತ್ರ ತಗೊಳ್ಳಿ, ಕೊಬ್ಬಿನ ಮಾಂಸದ ಜೊತೆ ಕುಡಿಯಿರಿ. ಅಲ್ಲಿನವರು ಹುರಿದ ಹಂದಿಮರಿ ಜೊತೆ ಕುಡಿಯೋದು ಸುಮ್ನೆ ಅಲ್ಲ.

ಲೇಬಲ್ ಮೇಲೆ 'ತಿಂತು' ಅಂತಿದ್ದರೆ ರೆಡ್. 'ಗರ್ರಫೈರಾ' ಅಂತಿದ್ದರೆ ಕನಿಷ್ಠ 30 ತಿಂಗಳು ಹಳೆಯದು, ಅದರಲ್ಲಿ 12 ತಿಂಗಳು ಬಾಟಲಿಯಲ್ಲೇ ಇದ್ದದ್ದು.

ಒಮ್ಮೆಯಾದರೂ ಹುಡುಕಿ ಕುಡಿಯಬೇಕಾದ್ದು 'ತಾಲ್ಯಾ' ವೈನ್. ಇದು ನನಗೆ ತುಂಬಾ ಇಷ್ಟದ ವಿಷಯ. ಅಲೆಂತೇಜುವಿನ ವಿದಿಗೈರಾ ಊರಿನ ಸುತ್ತಮುತ್ತ ಆಳೆತ್ತರದ ಮಣ್ಣಿನ ಗುಡಾಣಗಳಲ್ಲಿ ಇದನ್ನು ಮಾಡುತ್ತಾರೆ, ರೋಮನ್ನರ ಕಾಲದಿಂದ ಬಂದ ಪದ್ಧತಿ. ಒಳಗೋಡೆಗೆ ಪೈನ್ ಮರದ ರಾಳ ಸವರಿರುತ್ತಾರೆ. ಜಜ್ಜಿದ ಹಣ್ಣನ್ನು ಸಿಪ್ಪೆ ಬೀಜ ಸಮೇತ ತುಂಬಿ, ಹುದುಗುವಾಗ ಮೇಲೇಳುವ ಸಿಪ್ಪೆಯನ್ನು ಮರದ ಕೋಲಿನಿಂದ ದಿನವೂ ಕೆಳಗೆ ಒತ್ತುತ್ತಾರೆ. ಕೊನೆಗೆ ಸಿಪ್ಪೆಯೆಲ್ಲ ತಳಕ್ಕೆ ಕೂರುತ್ತೆ. ಕೆಳಗಿನ ನಲ್ಲಿ ತೆಗೆದಾಗ ವೈನ್ ಆ ಸಿಪ್ಪೆಯ ಮೂಲಕವೇ ಸೋಸಿಕೊಂಡು ಬರುತ್ತೆ, ಬೇರೆ ಜರಡಿ ಬೇಕಿಲ್ಲ. ಗುಡಾಣ ತೆರೆಯೋದು ನವೆಂಬರ್ 11ರ ಸಂತ ಮಾರ್ಟಿನ್ ಹಬ್ಬಕ್ಕೆ.

ಪೋರ್ಟ್ ವೈನನ್ನು ಇವುಗಳ ಜೊತೆ ಸೇರಿಸಬೇಡಿ. ಹುದುಗುವುದು ಮುಗಿಯುವ ಮೊದಲೇ ದ್ರಾಕ್ಷಿ ಸಾರಾಯಿ ಸುರಿದು ನಿಲ್ಲಿಸುತ್ತಾರೆ. ಅದಕ್ಕೇ ಆ ಸಿಹಿ, ಶೇ. 20ರ ಆಸುಪಾಸಿನ ಆಲ್ಕೋಹಾಲ್. ಗೋವಾದಲ್ಲಿ ಪೋರ್ಟ್ ಹೆಸರಿನಲ್ಲಿ ಸಿಗುವ ಅಗ್ಗದ ಸಿಹಿ ವೈನ್ ಕುಡಿದು ಪೋರ್ಟ್ ಅಂದ್ರೆ ಇಷ್ಟೇ ಅಂದುಕೊಳ್ಳಬೇಡಿ, ನಿಜವಾದ ಪೋರ್ಟ್ ದೋರು ಕಣಿವೆಯದ್ದು ಮಾತ್ರ.

ನಮ್ಮ ಸೆಕೆಗೆ ರೆಡ್ ವೈನನ್ನೂ ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಡಿ, 16ರಿಂದ 18 ಡಿಗ್ರಿಗೆ ಇಳಿಯಲಿ. ಉಳಿದರೆ ಬಿರಡೆ ಹಾಕಿ ಮತ್ತೆ ಫ್ರಿಜ್‌ಗೇ ಸೇರಿಸಿ, ಎರಡು ಮೂರು ದಿನದಲ್ಲಿ ಮುಗಿಸಿ.