ಹೊಳೆಯಿಲ್ಲದ ಊರಿನ ಹುದುಲು

2025ರ ಜನವರಿಯಲ್ಲಿ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ಕಡೆಯ ಒಂದು ಹಳ್ಳಿಯ ಹೆಂಗಸರ ಮಾತುಗಳನ್ನು ತೆಲುಗಿನಿಂದ ಕನ್ನಡಕ್ಕೆ ಇಳಿಸುವ ಕೆಲಸ ನನಗೆ ಬಂತು. ಎಲ್ಲರೂ ಕಿರುಸಾಲ ತೆಗೆದುಕೊಂಡವರು. ವಾರದ ಕಂತು ತಪ್ಪಿದರೆ ವಸೂಲಿಗೆ ಬಂದವರು ಬಾಗಿಲಲ್ಲೇ ಕೂರುತ್ತಿದ್ದ ದಿನಗಳು ಅವು. ಮುಂದಿನ ತಿಂಗಳೇ ಇಂಥ ವಸೂಲಿಯ ವಿರುದ್ಧ ಸರ್ಕಾರ ಸುಗ್ರೀವಾಜ್ಞೆ ತಂದಿತು. ಅವರಲ್ಲಿ ಒಬ್ಬಾಕೆ ತುಂಬ ಮೆಲ್ಲಗೆ ಹೇಳಿದ ಮಾತು ಇದು: "ಅಪ್ಪುಲ ಊಬಿಲೋ ದಿಗಬಡ್ಡಾಮು ಸಾರ್."

ನಾನು ಯೋಚಿಸಲೇ ಇಲ್ಲ. "ಸಾಲದ ಸುಳಿಗೆ ಸಿಲುಕಿದ್ದೇವೆ ಸಾರ್" ಎಂದು ಬರೆದೆ. ಕನ್ನಡ ಪತ್ರಿಕೆಗಳಲ್ಲಿ ದಿನಾ ಬರುವ ಮಾತು ಅದೇ. ಸುಳಿ, ಇಲ್ಲದಿದ್ದರೆ ಶೂಲ.

ಸಂಜೆ ನಮ್ಮ ಸೋದರಮಾವನಿಗೆ ಓದಿ ಹೇಳಿದೆ. ಅವರು ಕೋಲಾರ ತಾಲ್ಲೂಕಿನ ನಮ್ಮೂರಲ್ಲಿ ನೀರುಗಂಟಿಯಾಗಿದ್ದವರು. ಕೆರೆಯ ತೂಬು ಎತ್ತುವುದು, ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿ ಪ್ರಕಾರ ನೀರು ಬಿಡುವುದು, ಮಳೆ ಜೋರಾದರೆ ರಾತ್ರಿಯೆಲ್ಲ ಏರಿ ಕಾಯುವುದು, ಇದೇ ಅವರ ಬದುಕು. "ಸುಳಿ ಎಲ್ಲಿ ನೋಡಿದ್ದೀಯ ನೀನು?" ಅಂದರು. ನೋಡಿರಲಿಲ್ಲ. ಪಾಲಾರ್ ನಮ್ಮ ಜಿಲ್ಲೆಯಲ್ಲೇ ಹಾದುಹೋಗುತ್ತದೆ, ನಿಜ. ಆದರೆ ನಾನು ಅದರಲ್ಲಿ ಕಂಡದ್ದೆಲ್ಲ ಮರಳು. ವರ್ಷಪೂರ್ತಿ ಹರಿಯುವ ಹೊಳೆ ಒಂದೂ ಇಲ್ಲದ ಸೀಮೆಯ ಹೆಂಗಸಿನ ಬಾಯಿಗೆ ಹೊಳೆಯ ಮಾತು ತುರುಕಿದ್ದೆ. ಆಕೆ ಹೇಳಿದ್ದು ನೆಲದ ಮಾತು. ಊಬಿ ಎಂದರೆ ಕಾಲಿಟ್ಟರೆ ಒಳಕ್ಕೆಳೆಯುವ ಮೆತ್ತನೆ ನೆಲ. "ಅದಕ್ಕೆ ನಮ್ಮಲ್ಲಿ ಹುದುಲು ಅಂತೀವಿ" ಅಂದರು ಮಾವ.

ಆ ಪದ ನಾನು ಚಿಕ್ಕಂದಿನಲ್ಲಿ ಕೇಳಿದ್ದೆ, ಮರೆತುಬಿಟ್ಟಿದ್ದೆ. ಮರೆಯದೆ ಏನು ಮಾಡುವುದು? ನನ್ನ ಹರೆಯದ ಬಹುಪಾಲು ವರ್ಷ ನಮ್ಮ ಕೆರೆ ಕ್ರಿಕೆಟ್ ಮೈದಾನವಾಗಿತ್ತು. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು, ಅಂದರೆ ಬೆಂಗಳೂರಿನಲ್ಲಿ ಶುದ್ಧೀಕರಿಸಿದ ಕೊಳಚೆ ನೀರು, ಲಕ್ಷ್ಮೀಸಾಗರ ಕೆರೆಗೆ ಬಂತು. ಅಲ್ಲಿಂದ ಒಂದೊಂದೇ ಕೆರೆ ತುಂಬುತ್ತ ಹೋಯಿತು. 2021ರ ಮಳೆಗೆ ಎಷ್ಟೋ ಕೆರೆಗಳು ಕೋಡಿ ಬಿದ್ದವು. ನೀರಿನ ಜೊತೆ ಕೆಸರೂ ಬಂತು, ಕೆಸರಿನ ಜೊತೆ ಹಳೆಯ ಮಾತುಗಳೂ ಬಂದವು ಎಂಬುದು ನನಗೆ ಹೊಳೆದದ್ದು ಮಾವ ತಿದ್ದಿದ ಆ ಸಂಜೆಯೇ.

ಮಾರನೆಯ ದಿನದಿಂದ ಒಂದು ನೋಟ್‌ಬುಕ್ ಹಿಡಿದು ಅವರ ಹಿಂದೆ ಕೆರೆ ಸುತ್ತಿದೆ. ಪದ ಕೇಳಿ ಬರೆದುಕೊಳ್ಳುವುದಷ್ಟೇ ಅಲ್ಲ, ಆ ನೆಲದಲ್ಲಿ ಕಾಲಿಟ್ಟು ನೋಡಿಯೇ ಬರೆಯಬೇಕೆಂದು ನಿಶ್ಚಯಿಸಿದ್ದೆ. ಕೆಸರು ಅಂಟುತ್ತದೆ, ತೊಳೆದರೆ ಹೋಗುತ್ತದೆ. ಅದಕ್ಕೇ ರಾಜಕಾರಣಿಗಳದ್ದು ಕೆಸರೆರಚಾಟ, ದುಡಿಯುವವನ ಕೈ ಕೆಸರಾದರೆ ಬಾಯಿಗೆ ಮೊಸರು. ಕೊಚ್ಚೆಗೆ ನಾತವಿದೆ, ಕಲ್ಲು ಹಾಕಿದರೆ ಹಾಕಿದವನ ಮೈಗೇ ಸಿಡಿಯುತ್ತದೆ. ರಾಡಿ ತಾನಾಗಿ ಆಗುವುದಿಲ್ಲ, ಯಾರೋ ಎಬ್ಬಿಸಬೇಕು. ಹೂಳು ಕಣ್ಣಿಗೆ ಕಾಣದ ಹಾಗೆ ವರ್ಷವರ್ಷ ತಳದಲ್ಲಿ ಕೂರುತ್ತದೆ. ಏರಿಯ ಹಿಂದೆ ಸದಾ ಜಿನುಗುತ್ತ, ಉಳಲೂ ಆಗದೆ ಬಿಡಲೂ ಆಗದೆ ಇರುವುದು ಜವುಗು. ಹುದುಲು ಮಾತ್ರ ಹಿಡಿದುಕೊಳ್ಳುತ್ತದೆ. ಮೇಲೆ ಹಸಿರು ಹುಲ್ಲು, ಒಣಗಿದಂತೆ ಕಾಣುವ ಕೆನೆ. ಕೆಳಗೆ ಗಂಜಿಯಂಥ ಮಣ್ಣು. ನಮ್ಮ ಕೆರೆಯಲ್ಲಿ ಅದು ಹೆಚ್ಚಾಗಲು ಕಾರಣವಿದೆ. ಕೆರೆ ಒಣಗಿದ್ದ ಕಾಲದಲ್ಲಿ ಇಟ್ಟಿಗೆಗೆ ಮಣ್ಣು, ಮನೆ ಕಟ್ಟಲು ಫಿಲ್ಟರ್ ಮರಳು, ಅಂದರೆ ಮಣ್ಣು ತೊಳೆದು ತೆಗೆಯುವ ಮರಳು, ಎಂದು ಜೆಸಿಬಿ ಇಳಿಸಿ ಅಂಗಳದ ತುಂಬ ಗುಂಡಿ ತೋಡಿದ್ದರು. ನೀರು ಬಂದಾಗ ಆ ಗುಂಡಿಗಳೆಲ್ಲ ನುಣ್ಣನೆ ಹೂಳು ತುಂಬಿಕೊಂಡು ಬಾಯಿ ಮುಚ್ಚಿದವು.

ಫೆಬ್ರವರಿಯ ಒಂದು ಮಧ್ಯಾಹ್ನ ಪಕ್ಕದ ಮನೆಯವರ ಸೀಮೆಹಸು ಅಂಥದೊಂದರಲ್ಲಿ ಹೊಟ್ಟೆಮಟ್ಟ ಇಳಿದುಬಿಟ್ಟಿತು. ಹುಡುಗರು ಓಡಿಬಂದವರೇ ಕೊಂಬಿಗೆ ಹಗ್ಗ ಹಾಕಿ ಎಳೆಯತೊಡಗಿದರು. ಹಸು ಒದ್ದಾಡಿದಷ್ಟೂ ಇನ್ನೊಂದು ಗೇಣು ಕೆಳಗೆ ಹೋಯಿತು. ಮಾವ ಏರಿಯ ಮೇಲಿಂದಲೇ ಕೂಗಿದರು: "ಎಳೀಬೇಡ್ರೋ! ಮೊದಲು ಕಾಲಿಗೆ ಗಾಳಿ ಬಿಡಿ!"

ಆಮೇಲೆ ಅವರು ಮಾಡಿಸಿದ್ದನ್ನು ನಾನು ಕೈಯಾರೆ ಮಾಡಿದ್ದೇನೆ, ಈಗಲೂ ನನ್ನ ತೋಳಿಗೆ ಆ ತಣ್ಣನೆ ನೆನಪಿದೆ. ಬಿಂದಿಗೆಯಲ್ಲಿ ನೀರು ತಂದು ಹಸುವಿನ ಕಾಲಿನ ಸುತ್ತ ಸುರಿದೆವು. ನಾನು ಮಲಗಿಕೊಂಡಂತೆ ಬಾಗಿ, ಅದರ ಮುಂಗಾಲಿನ ಪಕ್ಕದಲ್ಲೇ ಮೊಣಕೈ ಮೇಲಕ್ಕೂ ಕೈ ಇಳಿಸಿ, ಗೊರಸಿನವರೆಗೆ ಮಣ್ಣನ್ನು ಕಲಕಿದೆ. ಒಂದು ಹೊತ್ತಿನಲ್ಲಿ 'ಬುಳಕ್' ಎಂದು ಗುಳ್ಳೆ ಬಂತು. ಕಾಲು ಸಡಿಲವಾಯಿತು. ಮಣ್ಣು ಕಾಲನ್ನು ಕಚ್ಚಿ ಹಿಡಿಯುವುದು ಒಳಗೆ ಗಾಳಿ, ನೀರು ಹೋಗಲು ಜಾಗವಿಲ್ಲದ್ದರಿಂದ. ಎಳೆದರೆ ತಳದಲ್ಲಿ ನಿರ್ವಾತವಾಗಿ ಇನ್ನೂ ಬಿಗಿಯುತ್ತದೆ. ಆಮೇಲೆ ಎದೆಯ ಕೆಳಗೆ ಗೋಣಿಚೀಲ, ರಾಗಿಹುಲ್ಲು, ತೆಂಗಿನಗರಿ ತುರುಕಿ, ಮುಂಗಾಲಿನ ಹಿಂದಿನಿಂದ ಅಗಲದ ಹಗ್ಗ ಸುತ್ತಿ, ಹಸುವನ್ನು ಪಕ್ಕಕ್ಕೆ ವಾಲಿಸಿ ಜಾರಿಸಿಕೊಂಡು ಬಂದೆವು. ಎರಡು ಗಂಟೆ ಹಿಡಿಯಿತು.

ಬಸವಣ್ಣನವರ ವಚನವೊಂದರಲ್ಲೂ ಕೆಸರಲ್ಲಿ ಬಿದ್ದ ಪಶುವಿದೆ. ಅದು ದೆಸೆದೆಸೆಗೆ ಬಾಯಿ ಬಿಡುತ್ತದೆ, ಕೂಡಲಸಂಗಮದೇವ ಕೊಂಬು ಹಿಡಿದೆತ್ತುವ ತನಕ. ಕೊಂಬು ಹಿಡಿದೆತ್ತುವ ಶಕ್ತಿ ದೇವರದು; ಮನುಷ್ಯರು ಹಾಗೆ ಎಳೆದರೆ ಕತ್ತು ಮುರಿಯುತ್ತದೆ. ಆದರೆ ಆ ಪಶು ಬಾಯಿ ಬಿಡುವುದನ್ನು ನಾನು ಆ ದಿನ ಹತ್ತಿರದಿಂದ ಕಂಡೆ. ಎಂಟುನೂರು ವರ್ಷ ಕಳೆದರೂ ಆ ಮಾತು ಸವೆದಿಲ್ಲ.

ಮನೆಗೆ ಬಂದು ನನ್ನ ಅನುವಾದ ತೆಗೆದೆ. ಸುಳಿಯಲ್ಲಿ ಸಿಕ್ಕವನು ಮುಳುಗಿಹೋಗುತ್ತಾನೆ, ಅಲ್ಲಿಗೆ ಮುಗಿಯಿತು. ಹುದುಲು ಹಾಗಲ್ಲ. ಉಸುಬು (ನೀರು ತುಂಬಿ ಸಡಿಲವಾದ ಮರಳು), ಹುದುಲುಗಳು ನಮ್ಮ ಮೈಗಿಂತ ಸಾಂದ್ರ, ಹಾಗಾಗಿ ಮನುಷ್ಯನನ್ನು ಪೂರ್ತಿ ನುಂಗುವುದು ಅಪರೂಪ. ಸೊಂಟದ ಮಟ್ಟಕ್ಕೆ ಹಿಡಿದು ನಿಲ್ಲಿಸುತ್ತವೆ. ಉಸಿರಿರುತ್ತದೆ, ಕಣ್ಣು ಕಾಣುತ್ತದೆ, ಹೋಗಿ ಬರುವವರೆಲ್ಲ ಕಾಣುತ್ತಾರೆ, ಕಾಲು ಮಾತ್ರ ಏಳುವುದಿಲ್ಲ. ಆ ಹೆಂಗಸರ ಬದುಕು ಇದ್ದದ್ದು ಹೀಗೇ. ದಿನಾ ಹಾಲು ಕರೆಯುತ್ತಿದ್ದರು, ಡೈರಿಗೆ ಹಾಕುತ್ತಿದ್ದರು, ಮಕ್ಕಳನ್ನು ಸ್ಕೂಲಿಗೆ ಕಳಿಸುತ್ತಿದ್ದರು. ಮುಳುಗಿದವರಲ್ಲ ಅವರು, ಹೂತವರು. "ಸಾಲದ ಹುದುಲಿನಲ್ಲಿ ಹೂತುಹೋಗಿದ್ದೇವೆ ಸಾರ್" ಎಂದು ತಿದ್ದಿದೆ. ಓದುಗರಿಗೆ ಅರ್ಥವಾಗುವುದಿಲ್ಲ, ಸುಳಿಯೇ ಇರಲಿ ಎಂಬ ಸಲಹೆ ಬಂತು. ನಾನು ಒಪ್ಪಲಿಲ್ಲ. ಪದ ಗೊತ್ತಿಲ್ಲದವರಿಗೂ 'ಹೂತುಹೋಗು' ಗೊತ್ತಿದೆ. ಪಕ್ಕದಲ್ಲಿ ಅದಿದ್ದರೆ ಹುದುಲು ತಾನಾಗಿ ತಿಳಿಯುತ್ತದೆ. ಇಂಗ್ಲಿಷ್ ಸುದ್ದಿಗಳಲ್ಲಿ, ವಿಯೆಟ್ನಾಂ ಯುದ್ಧದ ಕಾಲದಿಂದಲೂ, ಬರುವ 'ಕ್ವಾಗ್ಮೈರ್'ಗೂ ಈಗ ನಾನು ಇದನ್ನೇ ಬಳಸುತ್ತೇನೆ.

ಅನುವಾದ ಕೊಡುವ ಮುಂಚೆ ಊಬಿಯ ಮಾತು ಹೇಳಿದ್ದ ಆಕೆಗೆ ಫೋನ್ ಮಾಡಿ ಓದಿ ಹೇಳಿದೆ. ಹುದುಲು ಎಂದರೇನೆಂದು ಕೇಳಿದರು. ಹಸುವಿನ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮಗೆ ಗಾಳಿ ಬಿಡೋರು ಯಾರೂ ಬರಲಿಲ್ಲ ಸಾರ್, ಬಂದೋರೆಲ್ಲ ಎಳೆಯೋರೇ" ಅಂದರು. ಆಮೇಲೆ ನನ್ನನ್ನು ಇನ್ನೊಂದು ಸಲ ತಿದ್ದಿದರು. ಎಲ್ಲ ಸಾಲಕ್ಕೂ ಆ ಮಾತು ಹಾಕಬೇಡಿ ಎಂದರು. 'ಅಡುಸು ತೊಕ್ಕನೇಲ, ಕಾಲು ಕಡಗನೇಲ' ಎಂದು ತೆಲುಗಿನಲ್ಲಿ ಗಾದೆಯಿದೆ. ಕೆಸರು ತುಳಿಯುವುದೇಕೆ, ಕಾಲು ತೊಳೆಯುವುದೇಕೆ ಎಂದು. ಹಸು ಕೊಳ್ಳಲು ತೆಗೆದ ಮೊದಲ ಸಾಲ ಬರೀ ಅಡುಸು, ಕಾಲು ತೊಳೆದುಕೊಂಡು ಬರಬಹುದಿತ್ತಂತೆ. ಅದರ ಕಂತಿಗೆಂದು ತೆಗೆದ ಎರಡನೆಯದು ಊಬಿ. ಹಾಗೇ ಬರೆದೆ, ಮೊದಲನೆಯದಕ್ಕೆ ಕೆಸರು, ಎರಡನೆಯದಕ್ಕೆ ಹುದುಲು.