ಉಪ್ಪುನೀರಿನ ತೊಟ್ಟಿ: ಮೀನಷ್ಟೇ ಸಾಕೇ, ಹವಳವೂ ಬೇಕೇ?

ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಮಾಡಿ ಬಂದವರಿಗೆ ಮನೆಯಲ್ಲೂ ಅಂಥದ್ದೊಂದು ತೊಟ್ಟಿ ಇಡುವ ಆಸೆ ಹುಟ್ಟುತ್ತದೆ. ಗಾಜಿನ ತೊಟ್ಟಿ ಕೊಳ್ಳುವ ಮೊದಲೇ ಒಂದು ತೀರ್ಮಾನ ಮಾಡಿಕೊಳ್ಳಿ: ಬರೀ ಮೀನೋ, ಹವಳವೂ ಸೇರಿಯೋ? ಆಮೇಲೆ ನೋಡಿಕೊಂಡರಾಯಿತು ಎನ್ನುವಂತಿಲ್ಲ. ಅದಕ್ಕೆ ಕಾರಣ ತಾಮ್ರ. ಕಡಲ ಮೀನಿಗೆ ಬಿಳಿಚುಕ್ಕೆ ರೋಗ ಬಂದಾಗ ಹಾಕುವ ತಾಮ್ರದ ಔಷಧಿ ಹವಳಕ್ಕೂ ಸಿಗಡಿಗೂ ವಿಷ. ತೊಟ್ಟಿಯ ಕಲ್ಲು, ಮರಳು ಅದನ್ನು ಹೀರಿಟ್ಟುಕೊಳ್ಳುತ್ತವೆ. ಒಮ್ಮೆ ತಾಮ್ರ ಬಿದ್ದ ತೊಟ್ಟಿಯಲ್ಲಿ ಹವಳ ಬೆಳೆಸುವ ಆಸೆ ಬಿಡುವುದೇ ಮೇಲು. ಚಿಕಿತ್ಸೆಗೆಂದೇ ಚಿಕ್ಕ ತೊಟ್ಟಿಯೊಂದು ಬೇರೆಯಾಗಿ ಇರಲಿ.

ಮೊದಲು, ಇಷ್ಟದ ಮೀನುಗಳ ಪಟ್ಟಿ ಬರೆಯಿರಿ. ಅದರಲ್ಲಿ ಟ್ರಿಗರ್, ಪಫರ್ ಇದ್ದರೆ ಪ್ರಶ್ನೆಗೆ ಉತ್ತರ ಸಿಕ್ಕಂತೆಯೇ. ಅವು ಹವಳವನ್ನು ಕಚ್ಚುತ್ತವೆ, ಸಿಗಡಿಯನ್ನು ತಿನ್ನುತ್ತವೆ. ಕ್ಲೌನ್ ಮೀನು ಎರಡೂ ಕಡೆ ಸಲ್ಲುತ್ತದೆ. ತಮಿಳುನಾಡಿನ ಮಂಡಪಂನಲ್ಲಿರುವ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರದಲ್ಲಿ ಅದರ ಮರಿ ಮಾಡಿಸಿದ್ದಾರೆ. ಕಡಲಿನಿಂದ ಹಿಡಿದದ್ದಕ್ಕಿಂತ ಹೀಗೆ ತೊಟ್ಟಿಯಲ್ಲೇ ಹುಟ್ಟಿದ ಮರಿಯನ್ನು ಕೇಳಿ ಕೊಳ್ಳಿ.

ಎರಡನೆಯದು ನೀರು. ಕೊಳವೆಬಾವಿ ನೀರು ಎರಡಕ್ಕೂ ಬೇಡ. ಕುಡಿಯುವ ಆರ್‌ಒ ಯಂತ್ರಗಳು ರುಚಿಗೆಂದು ಒಂದಿಷ್ಟು ಲವಣ ಉಳಿಸುತ್ತವೆ. ಮೀನಿಗೆ ಅದು ನಡೆದೀತು, ಹವಳಕ್ಕೆ ಉಪ್ಪು ಬೆರೆಸುವ ಮೊದಲು ನೀರಿನ ಟಿಡಿಎಸ್ (ಕರಗಿದ ಲವಣಗಳ ಒಟ್ಟು ಪ್ರಮಾಣ) ಸೊನ್ನೆಯಾಗಬೇಕು; ಉಳಿದ ಲವಣವನ್ನೂ ಹೀರುವ ಡಿಐ ರೆಸಿನ್ ಸೇರಿಸಿ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿನಂತೆ 200 ಲೀಟರಿಗೆ 7 ಕೆ.ಜಿ. ಬೇಕು. ಅಡುಗೆ ಉಪ್ಪಲ್ಲ, ಅಕ್ವೇರಿಯಂಗೆಂದೇ ಸಿಗುವ ಸಮುದ್ರ ಉಪ್ಪು. ಆವಿಯಾದಷ್ಟಕ್ಕೆ ಸಿಹಿನೀರನ್ನೇ ತುಂಬಿ, ಉಪ್ಪು ಆವಿಯಾಗುವುದಿಲ್ಲ.

ಹವಳ ನಿಜವಾಗಿ ಕಾಡುವುದು ಇಲ್ಲಿಂದ ಮುಂದೆ. ಅದರ ಮೈಯೊಳಗಿನ ಪಾಚಿಗೆ ಬಿಸಿಲಿನಂಥ ಬೆಳಕು ಬೇಕು, ಅಸ್ಥಿಪಂಜರಕ್ಕೆ ಕ್ಯಾಲ್ಸಿಯಂ 400ರಿಂದ 450 ಪಿಪಿಎಂ (ಲೀಟರಿಗೆ ಸುಮಾರು ಅಷ್ಟೇ ಮಿಲಿಗ್ರಾಂ) ಬೇಕು. ಕ್ಷಾರತೆಯನ್ನು ವಾರವಾರವೂ ಅಳೆಯಬೇಕು. ನೀರಿನ ಉಷ್ಣತೆ 24ರಿಂದ 27 ಡಿಗ್ರಿಯಲ್ಲಿ ನಿಲ್ಲಬೇಕು; ಮಂಗಳೂರಿನ ಏಪ್ರಿಲ್‌ನಲ್ಲಿ ನೀರು ತಂಪಾಗಿಸುವ ಚಿಲ್ಲರ್ ಇಲ್ಲದೆ ಅದು ಆಗುವ ಮಾತಲ್ಲ. ಕರೆಂಟು ಹೋದರೆ ನೀರನ್ನು ಅಲುಗಿಸುವ ವೇವ್‌ಮೇಕರ್ ನಿಲ್ಲುತ್ತದೆ, ಆಮ್ಲಜನಕ ಇಳಿಯುತ್ತದೆ. ಆದ್ದರಿಂದ ಯುಪಿಎಸ್ ಇರಲೇಬೇಕು.

ಕಾನೂನನ್ನೂ ತಿಳಿದಿರಿ. ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ನಮ್ಮ ಕಡಲಿನಿಂದ ಕಿತ್ತ ತುಂಡನ್ನು ಮನೆಯಲ್ಲಿಟ್ಟುಕೊಳ್ಳುವುದೂ ಅಪರಾಧ. ಹೊರದೇಶದ್ದು ಎಂದು ಅಂಗಡಿಯವರು ಹೇಳಿದರೆ ಆಮದಿನ ದಾಖಲೆ ತೋರಿಸಲು ಹೇಳಿ, ಇಲ್ಲದಿದ್ದರೆ ವಾಪಸ್ ಬನ್ನಿ. ಕಡಲಿನ ಲೈವ್ ರಾಕ್ (ಜೀವಿಗಳು ನೆಲೆಸಿದ ಕಲ್ಲು) ಬದಲು ಸೆರಾಮಿಕ್ ಕಲ್ಲು ಹಾಕಿ.

ಇಷ್ಟೆಲ್ಲ ನೋಡಿದ ಮೇಲೆ, ಹೊಸಬರು ಮೀನಿನ ತೊಟ್ಟಿಯಿಂದಲೇ ಶುರುಮಾಡಲಿ ಎಂಬುದು ನನ್ನ ಸಲಹೆ. ನೀರಿನ ಕೊಳೆಯನ್ನು ನೊರೆಯಾಗಿ ತೆಗೆಯುವ ಪ್ರೋಟೀನ್ ಸ್ಕಿಮ್ಮರ್ ಜೋಡಿಸಿ, ಮೀನಿಲ್ಲದ ತೊಟ್ಟಿಯನ್ನೇ 4ರಿಂದ 6 ವಾರ ಓಡಿಸಿ. ಅಮೋನಿಯ, ನೈಟ್ರೈಟ್ ಎಂಬ ವಿಷಗಳನ್ನು ಕರಗಿಸುವ ಬ್ಯಾಕ್ಟೀರಿಯಾಗಳಿಗೆ ಆಹಾರವಾಗಲೆಂದು ಆಗಾಗ ಚಿಟಿಕೆ ಮೀನಿನ ಆಹಾರ ಹಾಕುತ್ತಿರಿ. ಅವೆರಡೂ ಏರಿ ಮತ್ತೆ ಸೊನ್ನೆಗಿಳಿದ ದಿನ ಎರಡು ಕ್ಲೌನ್ ಮರಿಗಳನ್ನು ಬಿಡಿ, ಅದಕ್ಕಿಂತ ಹೆಚ್ಚು ಬೇಡ.